ಶನಿವಾರದ ಲೆಕ್ಕ, ಕಾವೇರಿಯ ಲೆಕ್ಕ

ಶನಿವಾರ ಮಧ್ಯಾಹ್ನ ಬೆಂಗಳೂರು ಬಿಡುವುದು, ಸಂಜೆ ತೊಣ್ಣೂರು ಕೆರೆಯಲ್ಲೋ ಕನ್ನಂಬಾಡಿ (ಕೆ.ಆರ್.ಎಸ್.) ಹಿನ್ನೀರಿನಲ್ಲೋ ಕಯಾಕ್ ಇಳಿಸುವುದು, ರಾತ್ರಿ ದಡದಲ್ಲಿ ಟೆಂಟ್ ಹಾಕಿ ಮಲಗಿ ಭಾನುವಾರ ವಾಪಸಾಗುವುದು. ಈ ಪ್ರವಾಸ ನಮ್ಮ ಸೀಮೆಯಲ್ಲೀಗ ಒಂದು ರೂಢಿಯಾಗುತ್ತಿದೆ. ಕೆರೆಕಟ್ಟೆಗಳನ್ನೇ ನಂಬಿದ ನಾಗಮಂಗಲದ ಕಡೆಯ ಹುಡುಗರೂ ಪಾಂಡವಪುರ, ಕೆ.ಆರ್. ಪೇಟೆಯ ನೀರು ಹುಡುಕಿಕೊಂಡು ಹೋಗುತ್ತಾರೆ. ಈ ರೂಢಿ ಉಳಿಯಬೇಕೆಂಬುದು ನನ್ನ ಆಸೆ. ಆದರೆ ಅದನ್ನು ಯೋಜಿಸುವ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ತಕರಾರು.

ಮೊದಲು ಮೆಚ್ಚಬೇಕಾದ್ದನ್ನು ಹೇಳುತ್ತೇನೆ. ಕಯಾಕಿಗೆ ಎಂಜಿನ್ ಇಲ್ಲ, ಹೊಗೆಯಿಲ್ಲ, ಗದ್ದಲವಿಲ್ಲ. ಲೈಫ್ ಜಾಕೆಟ್ ತೊಡದೆ ಯಾರನ್ನೂ ನೀರಿಗೆ ಬಿಡಬಾರದೆಂಬ ಶಿಸ್ತನ್ನು ಒಳ್ಳೆಯ ಆಯೋಜಕರು ಪಾಲಿಸುತ್ತಾರೆ. ಹರಿಗೋಲಿನಲ್ಲಿ ಕೂತವರು ಅಂಬಿಗನನ್ನೇ ನೆಚ್ಚಿಕೊಂಡಿರುತ್ತಾರೆ. ಇಲ್ಲಿ ಹುಟ್ಟು ಅವರವರ ಕೈಯಲ್ಲೇ. ಈಜು ಬಾರದವರೂ ಅಂಜಿಕೆ ಬಿಟ್ಟು ಕೆರೆಯ ನಡುವೆ ಹೋಗಿ ಬರುತ್ತಾರೆ. ನೀರೆಂದರೆ ಸೆಲ್ಫಿಯ ಹಿನ್ನೆಲೆ ಎಂದುಕೊಂಡ ಕಾಲದಲ್ಲಿ ಇದು ಸಣ್ಣ ಲಾಭವಲ್ಲ.

ತೊಡಕು ಇರುವುದು ಯೋಜನೆಯಲ್ಲಿ. ಬಸ್ಸು ಎಷ್ಟು ಹೊತ್ತಿಗೆ, ರಾತ್ರಿ ಊಟಕ್ಕೇನು, ಟೆಂಟಿಗೆ ಎಷ್ಟು ಜನ ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತದೆ. ಅಣೆಕಟ್ಟೆಯ ಮಟ್ಟ ಎಷ್ಟು, ಗಾಳಿ ಯಾವ ದಿಕ್ಕಿನದು ಎಂಬ ವಿಚಾರ ದಡಕ್ಕೆ ಬಂದ ಮೇಲಷ್ಟೇ ಏಳುತ್ತದೆ. ದಿನ ಗೊತ್ತುಮಾಡಿಕೊಂಡು ಆಮೇಲೆ ನೀರು ನೋಡುವ ಪದ್ಧತಿ ಇದು. ನೀರು ನೋಡಿ ದಿನ ಗೊತ್ತುಮಾಡಬೇಕು.

ಏಕೆಂದರೆ ಇಲ್ಲಿ ಎಲ್ಲ ನೀರೂ ಒಂದೇ ಅಲ್ಲ. ರಾಮಾನುಜಾಚಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡ ತೊಣ್ಣೂರು ಕೆರೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ತಿಳಿನೀರು. ಹೊಸಬರು ಹುಟ್ಟು ಹಾಕಲು ಕಲಿಯುವುದಕ್ಕೆ ತಕ್ಕ ಜಾಗ. ಕನ್ನಂಬಾಡಿ ಹಿನ್ನೀರಿನ ಸ್ವಭಾವ ಬೇರೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡಿ ಹರಡಿದ ಬಯಲು ನೀರಿನಲ್ಲಿ ಗಾಳಿ ಎದ್ದರೆ ಅಲೆಯೂ ಏಳುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಅಲ್ಲಿಂದ ಇಳಿಯುತ್ತ ಹೋದಂತೆ ದಡ ದೂರ ಸರಿದು, ನಡುವೆ ಕೆಸರು ಉಳಿಯುತ್ತದೆ. ಸಂಜೆಯಾದರೆ ಮೀನುಗಾರರ ಬಲೆಗಳಿರುತ್ತವೆ. ಅಣೆಕಟ್ಟೆಯ ಕೆಳಗಿನ ಹೊಳೆಯದಂತೂ ಮೂರನೆಯ ಬಗೆ: ಬಂಡೆ, ಸುಳಿ, ಮಡು, ಮೊಸಳೆ, ಮೇಲಿಂದ ಬಿಡುವ ನೀರು.

ಈ ಹೊಳೆಯನ್ನು ತಪ್ಪಾಗಿ ಎಣಿಸಿದವರ ಕತೆ ಶ್ರೀರಂಗಪಟ್ಟಣದ ಇತಿಹಾಸದಲ್ಲೇ ಇದೆ. 1791ರ ಮೇ ತಿಂಗಳಲ್ಲಿ ಅರಕೆರೆ ಬಳಿ ಗೆದ್ದ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಮಳೆ, ಉಕ್ಕಿದ ಕಾವೇರಿ, ದವಸದ ಅಭಾವಗಳಿಗೆ ಸಿಕ್ಕಿ, ಕನ್ನಂಬಾಡಿಯಲ್ಲಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. 1799ರ ಮೇ 4ರಂದು ಇಂಗ್ಲಿಷರ ಸೇನೆ ಅದೇ ಹೊಳೆಯನ್ನು ಕಾಲ್ನಡಿಗೆಯಲ್ಲಿ ದಾಟಿ ಕೋಟೆಗೆ ನುಗ್ಗಿತು. ಎರಡೂ ಮೇ ತಿಂಗಳೇ. ಕ್ಯಾಲೆಂಡರ್ ನೋಡಿದರೆ ಸಾಲದು, ಆ ದಿನದ ನೀರು ನೋಡಬೇಕು.

ಹಾಗೆ ನೋಡುವ ಪದ್ಧತಿ ನಮ್ಮಲ್ಲೇ ಇದೆ. ರಂಗನತಿಟ್ಟಿಗೆ ಹೋಗಿ ನೋಡಿ. ಕಾವೇರಿಗೆ ಹಿಂದೆ ಕಟ್ಟಿದ ಒಡ್ಡಿನಿಂದ ಮೂಡಿದ ಈ ನಡುಗಡ್ಡೆಗಳು ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದವು. 2022ರಲ್ಲಿ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿದವು. ಇಲ್ಲಿ ದೋಣಿಗೆ ಹುಟ್ಟು ಹಾಕುವವನೇ ಹಕ್ಕಿಗಳ ಹೆಸರು ಹೇಳುತ್ತಾನೆ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತಿದ್ದರೆ ಹುಟ್ಟು ಎತ್ತಿ ಹಿಡಿದು ದೋಣಿಯನ್ನು ತೇಲಲು ಬಿಡುತ್ತಾನೆ. ಯಾರನ್ನೂ ದಿಬ್ಬಕ್ಕೆ ಇಳಿಸುವುದಿಲ್ಲ. 2019ರ ಆಗಸ್ಟಿನಲ್ಲಿ ಅಣೆಕಟ್ಟೆಯಿಂದ ಲಕ್ಷಕ್ಕೂ ಮಿಕ್ಕಿ ಕ್ಯೂಸೆಕ್ ನೀರು ಬಂದಾಗ ದೋಣಿವಿಹಾರ ನಿಂತಿತು. ನನ್ನ ದೃಷ್ಟಿಯಲ್ಲಿ ಈ ಸೀಮೆಯ ಅತ್ಯುತ್ತಮ ಜಲಪ್ರವಾಸ ಇದೇ, ಏಕೆಂದರೆ ಎಲ್ಲಿ ನಿಲ್ಲಬೇಕೆಂದು ಇದಕ್ಕೆ ಗೊತ್ತು.

ನಡುಗಡ್ಡೆಯ ಮೇಲೆ ಟೆಂಟ್ ಹಾಕುವ ಆಸೆಯನ್ನು ಈ ಅಳತೆಯಿಂದಲೇ ತೂಗಬೇಕು. ಬೇಸಿಗೆಯಲ್ಲಿ ಹೊಳೆ ಇಳಿದು ಬಂಡೆಗಳು ತಲೆ ಎತ್ತಿದಾಗ ರೀವ ಹಕ್ಕಿಗಳು ಬರಿಯ ಕಲ್ಲಿನ ಮೇಲೆಯೇ ಮೊಟ್ಟೆ ಇಡುತ್ತವೆ. ಗೂಡಿಲ್ಲ, ಕಡ್ಡಿಯಿಲ್ಲ. ಮೊಟ್ಟೆಗೆ ಕಲ್ಲಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಪಕ್ಕದಲ್ಲೇ ಕಾಲಿಟ್ಟವರಿಗೂ ಕಾಣದು. ನಮಗೆ ಟೆಂಟ್ ಹಾಕಲು ಹದವೆನಿಸುವ ಕಾಲವೂ ಜಾಗವೂ ಅವುಗಳಿಗೆ ಸಂಸಾರದ ಕಾಲ, ಸಂಸಾರದ ಜಾಗ. ಆದ್ದರಿಂದ ಹೊಳೆಯ ದಿಬ್ಬದಲ್ಲಿ ರಾತ್ರಿ ತಂಗುವುದು ಬೇಡವೇ ಬೇಡ ಎಂಬುದು ನನ್ನ ತೀರ್ಪು. ದಡದಲ್ಲಿ, ಊರವರ ಒಪ್ಪಿಗೆ ಪಡೆದು, ಸ್ಪೀಕರ್ ಇಲ್ಲದೆ ತಂಗಿದರೆ ಯಾರಿಗೂ ನಷ್ಟವಿಲ್ಲ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿ ದೋಣಿ ಬಿಡುವುದಿಲ್ಲ. ಅಲ್ಲಿ ಕಡಲಿಗೆ ಸಿಕ್ಕಿರುವ ಮರ್ಯಾದೆ ಇಲ್ಲಿ ಹೊಳೆಗೂ ಸಿಗಬೇಕು. ಮಂಡ್ಯದ ರೈತ ಬೆಳಿಗ್ಗೆ ಪತ್ರಿಕೆ ತೆರೆದು ಕೆ.ಆರ್.ಎಸ್. ಮಟ್ಟ, ಒಳಹರಿವು, ಹೊರಹರಿವು ನೋಡುತ್ತಾನೆ. ಪ್ರವಾಸದ ಆಯೋಜಕರೂ ಮೊದಲು ಅದನ್ನೇ ನೋಡಲಿ, ಬಂದವರಿಗೆ ಓದಿ ಹೇಳಲಿ. ಆ ನೀರಿನಲ್ಲೇ ಬಲೆ ಬೀಸಿ ಬದುಕುವ ಒಬ್ಬರನ್ನು ಸಂಬಳ ಕೊಟ್ಟು ಜೊತೆಗೆ ಕರೆದೊಯ್ಯಲಿ. ಬೇಡ ಎಂದು ಅವರು ಹೇಳಿದ ದಿನ ಹಣ ವಾಪಸ್ ಕೊಟ್ಟು ಪ್ರವಾಸ ಕೈಬಿಡಲಿ. ಇಷ್ಟನ್ನು ನಡೆಸುವವರ ಜೊತೆ ನಮ್ಮ ಮಕ್ಕಳನ್ನು ಧೈರ್ಯವಾಗಿ ಕಳಿಸಬಹುದು, ಉಳಿದವರ ಜೊತೆ ಬೇಡ.