ಹೊಗೆಗೆ ಆರು ತಿಂಗಳು, ಬ್ರೇಕಿಗೆ ಐದು ವರ್ಷ

ನಮ್ಮಲ್ಲಿ ಒಂದು ಬಜಾಜ್ ಚೇತಕ್ ಸ್ಕೂಟರು ಇದೆ. ತೀರ್ಥರೂಪರು ಅದನ್ನು 1999ರಲ್ಲಿ ಧಾರವಾಡದಲ್ಲಿ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಮಾರಲು ಮನಸ್ಸು ಬಾರದೆ, 2012ರಲ್ಲಿ ರೈಲ್ವೆ ಪಾರ್ಸಲಿನಲ್ಲಿ ತರಿಸಿ, ಎನ್‌ಓಸಿ, ಮರುನೋಂದಣಿ, ಇಲ್ಲಿಯ ತೆರಿಗೆ ಎಲ್ಲವನ್ನೂ ಮುಗಿಸಿದೆವು. ಕೆಎ-25 ಇದ್ದದ್ದು ಎಂಎಚ್-05 ಆಗಿ, ನಮ್ಮಂತೆಯೇ ಅದೂ ಡೊಂಬಿವಲಿಯ ನಿವಾಸಿಯಾಯಿತು. ಇಂಥ ಹಳೆಯ ಸ್ಕೂಟರುಗಳು ನಮ್ಮ ಸಂಘದ ಎಷ್ಟೋ ಸದಸ್ಯರ ಕಟ್ಟಡಗಳ ಕೆಳಗೆ ನಿಂತಿರುವುದನ್ನು ಕಂಡಿದ್ದೇವೆ. ರಾಜ್ಯೋತ್ಸವಕ್ಕೆಂದು ನಾಲ್ಕು ಜನ ಸೇರಿದರೆ ಅವುಗಳ ಮಾತು ಬಂದೇ ಬರುತ್ತದೆ. "ಇಪ್ಪತ್ತೈದು ವರ್ಷ ಆತ್ರೀ, ಒಂದ್ ದಿನ ಕೈ ಕೊಟ್ಟಿಲ್ಲ" ಎಂದು ಒಬ್ಬರು ಹೇಳಿದರೆ, "ನಮ್ಮದು ಪಾಸಿಂಗೂ ಒಂದೇ ಸಲಕ್ಕೆ ಆತು" ಎಂದು ಇನ್ನೊಬ್ಬರು ದನಿಗೂಡಿಸುತ್ತಾರೆ.

ಸ್ಕೂಟರು ನಂಬಿಗಸ್ತ ಎಂಬ ಮಾತು ಒಂದು, ಪಾಸಿಂಗ್ ಆಗಿದೆ ಎಂಬ ಮಾತು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಮೊದಲನೆಯದಕ್ಕೆ ಎರಡನೆಯದನ್ನು ಪುರಾವೆಯಾಗಿ ಹಚ್ಚುವ ನಮ್ಮ ರೂಢಿ ಸರಿಯಲ್ಲವೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಸ್ಕೂಟರಿನ ಗುಣವನ್ನೇ ನೋಡೋಣ. ಇಟಲಿಯ ಪಿಯಾಜಿಯೊ ಕಂಪನಿಯ ವೆಸ್ಪಾ ಇದರ ಮೂಲ. ಬಜಾಜ್ ಆಟೋ ಅದನ್ನು ಪುಣೆಯ ಹತ್ತಿರದ ಆಕುರ್ಡಿಯಲ್ಲಿ ಪರವಾನಗಿಯ ಮೇಲೆ ತಯಾರಿಸುತ್ತಿತ್ತು. 1971ರಲ್ಲಿ ಆ ಒಪ್ಪಂದ ಮುಗಿಯಿತು. 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಚೇತಕ್ ಹೊರಬಂತು. ಆ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಾಗಿತ್ತು. 2009ರ ಕೊನೆಯಲ್ಲಿ ಕಂಪನಿಯು ಸ್ಕೂಟರುಗಳನ್ನೇ ಬಿಡುವುದಾಗಿ ಸಾರಿತು. 2020ರಲ್ಲಿ ಚೇತಕ್ ಎಂಬ ಹೆಸರು ವಿದ್ಯುತ್ ಸ್ಕೂಟರಿನ ಮೇಲೆ ಮರಳಿತಾದರೂ ಯಂತ್ರಕ್ಕೂ ಯಂತ್ರಕ್ಕೂ ನಂಟಿಲ್ಲ.

ಹಳೆಯ ಚೇತಕ್‌ನ ರಚನೆಯಲ್ಲಿ ಜಾಣತನವಿದೆ ಎಂಬಲ್ಲಿ ಎರಡು ಮಾತಿಲ್ಲ. ಒತ್ತಿ ಮಾಡಿದ ಉಕ್ಕಿನ ತಗಡೇ ಅದರ ಮೈ, ಅದೇ ಅದರ ಚೌಕಟ್ಟು. ಎಂಜಿನ್ನಿನ ಶಕ್ತಿ ಗೇರುಗಳ ಮೂಲಕ ನೇರವಾಗಿ ಹಿಂದಿನ ಗಾಲಿಗೆ ಹೋಗುವುದರಿಂದ ಚೈನಿನ ಗೋಜಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಾದ್ದರಿಂದ ವಾಲ್ವುಗಳ ತಾಪತ್ರಯವಿಲ್ಲ. ಎರಡೂ ಗಾಲಿಗಳು ಒಂದೇ ಅಳತೆಯವು; ಪಂಕ್ಚರಾದರೆ ಸ್ಟೆಪ್ನಿ ಹಾಕಿ ಹೊರಟರಾಯಿತು. ಕೆಟ್ಟರೆ ಬಹುಮಟ್ಟಿಗೆ ಪ್ಲಗ್ಗಿನ ಮಸಿ, ಕಾರ್ಬ್ಯುರೇಟರಿನ ಕಸ, ಇಲ್ಲವೆ ಹರಿದ ಕೇಬಲ್ಲು. ಬೆಳಿಗ್ಗೆ ಅದನ್ನು ಒಂದು ಮಗ್ಗುಲಿಗೆ ವಾಲಿಸಿ, ನಾಲ್ಕು ಕಿಕ್ ಹೊಡೆದು ಚಾಲೂ ಮಾಡಿದ ನೆನಪು ಯಾರಿಗಿಲ್ಲ?

ಅಂದರೆ, ಅದು ಕೆಡುತ್ತಲೇ ಇತ್ತು. ಕೆಟ್ಟದ್ದು ರಸ್ತೆಯ ಬದಿಯಲ್ಲೇ ಸರಿಯಾಗುತ್ತಿದ್ದುದರಿಂದ ಕೆಟ್ಟದ್ದು ಲೆಕ್ಕಕ್ಕೆ ಬರಲಿಲ್ಲ. ನಾವು ವಿಶ್ವಾಸಾರ್ಹತೆ ಎಂದು ಕರೆಯುವುದು ವಸ್ತುತಃ ದುರಸ್ತಿಯ ಸೌಲಭ್ಯ. ಇನ್ನೂ ಒಂದು ಸಂಗತಿ. ಬಿ.ಎಸ್‌ಸಿ. ತರಗತಿಯಲ್ಲಿ ಕಲಿತ ಸಂಖ್ಯಾಶಾಸ್ತ್ರದ ಮೊದಲ ಪಾಠ ಇಲ್ಲಿ ನೆನಪಾಗುತ್ತದೆ: ಆಯ್ದ ಮಾದರಿಯಿಂದ ಎಲ್ಲದರ ತೀರ್ಪು ಕೊಡಬಾರದು. ನಾವು ಇಂದು ಕಾಣುವುದು ಉಳಿದುಕೊಂಡ ಚೇತಕ್‌ಗಳನ್ನು ಮಾತ್ರ. ತುಕ್ಕು ಹಿಡಿದು ಭಂಗಾರಿನವನ ಕೈಸೇರಿದ ಲಕ್ಷಾಂತರ ಸ್ಕೂಟರುಗಳು ಸಮಾರಂಭಕ್ಕೆ ಬಂದು ಸಾಕ್ಷಿ ಹೇಳುವುದಿಲ್ಲ. ಉಳಿದವು ಉಳಿದದ್ದಾದರೂ ಯಾಕೆ? ಸುಲಭವಾಗಿ ಸಿಗದ ವಸ್ತುವಾದ್ದರಿಂದ ನಮ್ಮ ಹಿರಿಯರು ಅದನ್ನು ಮಗುವಿನಂತೆ ನೋಡಿಕೊಂಡರು. ಆ ಗೌರವದಲ್ಲಿ ಅರ್ಧ ಪಾಲು ಅವರಿಗೆ ಸಲ್ಲಬೇಕು.

ಈ ಜ್ಞಾನ ನಮಗೆ ಮೊದಲೇ ಇತ್ತೆಂದು ವಾಚಕರು ತಿಳಿಯಬಾರದು. 2022ರ ಜುಲೈ ತಿಂಗಳ ಒಂದು ಸಂಜೆ, ಮಳೆಯಲ್ಲಿ, ಮಗಳನ್ನು ಹಿಂದೆ ಕೂಡಿಸಿಕೊಂಡು ಠಾಕುರ್ಲಿ ಮೇಲ್ಸೇತುವೆಯನ್ನು ಇಳಿಯುತ್ತಿದ್ದಾಗ ಹಿಂದಿನ ಬ್ರೇಕಿನ ಕೇಬಲ್ಲು ಹರಿಯಿತು. ಪೆಡಲ್ಲು ಕಾಲಡಿ ಸುಮ್ಮನೆ ಕುಸಿಯಿತು. ನೆನೆದ ಮುಂದಿನ ಬ್ರೇಕು ಅರೆಬರೆ ಹಿಡಿಯಿತು. ಗೇರು ಇಳಿಸುತ್ತ, ಬದಿಯ ಗೋಡೆಗೆ ಸ್ಕೂಟರನ್ನು ಉಜ್ಜಿ ನಿಲ್ಲಿಸಿದೆವು. ಮಗಳ ಮೊಣಕಾಲು ತರಚಿತು; ಅಷ್ಟಕ್ಕೇ ಮುಗಿದದ್ದು ದೈವಕೃಪೆ. ಮಿಸ್ತ್ರಿ ಕೇಬಲ್ಲು ಬಿಚ್ಚಿ ತೋರಿಸಿದ. ಅದು ಅಂದು ಹರಿದದ್ದಲ್ಲ. ತಿಂಗಳುಗಟ್ಟಲೆ ಒಂದೊಂದೇ ಎಳೆ ಕಡಿಯುತ್ತ ಬಂದು, ಕೊನೆಯ ನಾಲ್ಕೆಳೆ ಅಂದು ಹೋಗಿದ್ದವು. ತಪ್ಪು ಸಂಪೂರ್ಣ ನಮ್ಮದೇ. ಆದರೆ ಆ ಹೊತ್ತಿನಲ್ಲಿ ನಮ್ಮ ಜೇಬಿನಲ್ಲಿದ್ದ ಕಾಗದಗಳು ಎಲ್ಲವೂ ಸರಿಯಾಗಿದ್ದವು. ಆರ್‌ಸಿ 2024ರವರೆಗೆ ಸಿಂಧು. ಪಿಯುಸಿ ಹಿಂದಿನ ತಿಂಗಳಷ್ಟೇ ಮಾಡಿಸಿದ್ದು. ಮನೆಯಾಕೆ ಮಗಳ ಗಾಯಕ್ಕೆ ಅರಿಸಿನ ಹಚ್ಚುತ್ತ ಕೇಳಿದಳು: "ಅಲ್ರೀ, ಹೊಗಿ ನೋಡಸ್ಲಿಕ್ಕೆ ಆರು ತಿಂಗಳಿಗೊಮ್ಮೆ ಓಡ್ತೀರಿ, ಬ್ರೇಕ್ ಯಾವಾಗ ನೋಡಿಸಿದ್ರಿ?"

ಈ ಪ್ರಶ್ನೆ ನಮಗಷ್ಟೇ ಅಲ್ಲ, ನಮ್ಮ ತಪಾಸಣೆಯ ಪದ್ಧತಿಗೂ ಅನ್ವಯಿಸುತ್ತದೆ. 1988ರ ಮೋಟಾರು ವಾಹನ ಕಾಯದೆಯ 41ನೆಯ ಕಲಮಿನ ಪ್ರಕಾರ ಖಾಸಗಿ ವಾಹನದ ನೋಂದಣಿ 15 ವರ್ಷ ನಡೆಯುತ್ತದೆ. ಅನಂತರ ವಾಹನವನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಎಂದರೆ, ಮೊದಲ ಹದಿನೈದು ವರ್ಷ ಸ್ಕೂಟರಿನ ಬ್ರೇಕು, ಟಯರು, ದೀಪಗಳನ್ನು ನಿಗದಿತವಾಗಿ ಯಾರೂ ಪರೀಕ್ಷಿಸುವುದಿಲ್ಲ. ಆಮೇಲೆ ಐದು ವರ್ಷಕ್ಕೊಮ್ಮೆ. ಹೊಗೆಯ ಪರೀಕ್ಷೆ ಮಾತ್ರ ನಮ್ಮದರಂಥ ಹಳೆಯ ವಾಹನಕ್ಕೆ ಆರು ತಿಂಗಳಿಗೊಮ್ಮೆ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಕ್ಕೆ, ಎಂಜಿನ್ನು ನಿಂತಲ್ಲೇ ಸಾವಕಾಶ ಓಡುತ್ತಿರುವಾಗ, ಕಾರ್ಬನ್ ಮಾನಾಕ್ಸೈಡು ನೂರಕ್ಕೆ 4.5 ಮೀರಬಾರದು, ಹೈಡ್ರೋಕಾರ್ಬನ್ನು ಹತ್ತು ಲಕ್ಷದಲ್ಲಿ 9000 ಭಾಗ ಮೀರಬಾರದು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಪೆಟ್ರೋಲಿನ ಆವಿಯ ಒಂದು ಪಾಲು ಉರಿಯದೆಯೇ ಸೈಲೆನ್ಸರಿನಿಂದ ಹೊರಬೀಳುತ್ತದೆ. ಅದರ ಬಗ್ಗೆ ನಮಗೆ ಸಮರ್ಥನೆ ಇಲ್ಲ, ಆ ಪರೀಕ್ಷೆ ಬೇಕಾದದ್ದೇ. ಹೊಗೆಯ ಬಗ್ಗೆ ಇಷ್ಟು ಎಚ್ಚರವಿರುವ ಕಾಯದೆ ಬ್ರೇಕಿನ ಬಗ್ಗೆ ಇಷ್ಟು ಉದಾರಿಯಾದದ್ದೇಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಇನ್ನು ತಪಾಸಣೆಯ ಫಲಿತಾಂಶ. 2014, 2019, 2024, ಹೀಗೆ ಮೂರು ಸಲ ನಮ್ಮ ಚೇತಕ್ ಪಾಸಾಗಿದೆ. ಕಳೆದ ಸಲ ನವೀಕರಣಕ್ಕೆ 1000 ರೂಪಾಯಿ, ಪರ್ಯಾವರಣ ತೆರಿಗೆ 2000 ರೂಪಾಯಿ. 2025ರ ಆಗಸ್ಟಿನಿಂದ ಇಪ್ಪತ್ತು ವರ್ಷ ಮೀರಿದ ದ್ವಿಚಕ್ರ ವಾಹನಕ್ಕೆ ನವೀಕರಣದ ಶುಲ್ಕವೇ 2000 ಆಗಿದೆ. ಹಣದ ಬಗ್ಗೆ ತಕರಾರಿಲ್ಲ. ಆದರೆ ನಮ್ಮ ಕೈಗೆ ಬಂದ ಫಲಿತಾಂಶವೇನು? ಒಂದು ತಾರೀಖು. 2029ರವರೆಗೆ ಓಡಿಸಬಹುದು ಎಂದಷ್ಟೇ. ಯಾವ ಭಾಗ ಚೆನ್ನಾಗಿದೆ, ಯಾವುದು ಸವೆದಿದೆ, ಯಾವುದರ ಮೇಲೆ ಕಣ್ಣಿಡಬೇಕು ಎಂಬ ಒಂದು ಸಾಲೂ ಇಲ್ಲ. ಶಾಲೆಯ ಪ್ರಗತಿ ಪತ್ರದಲ್ಲಿ ವಿಷಯವಾರು ಅಂಕ ಕೊಡದೆ "ಮುಂದಿನ ತರಗತಿಗೆ ಹೋಗಬಹುದು" ಎಂದು ಮಾತ್ರ ಬರೆದರೆ ಪಾಲಕರು ಒಪ್ಪುತ್ತಾರೆಯೇ?

ಬ್ರಿಟನ್ನಿನ ಎಮ್‌ಓಟಿ ಎಂಬ ತಪಾಸಣೆಯನ್ನು ಇದಕ್ಕೆ ಹೋಲಿಸಬಹುದು. 1960ರಲ್ಲಿ ಹತ್ತು ವರ್ಷ ಮೀರಿದ ವಾಹನಗಳಿಗೆಂದು ಆರಂಭವಾದ ಅದು ಈಗ ಮೂರು ವರ್ಷ ತುಂಬಿದ ಸ್ಕೂಟರಿಗೂ ಪ್ರತಿ ವರ್ಷ ಕಡ್ಡಾಯ. ದೀಪ, ಸ್ಟಿಯರಿಂಗು, ಸಸ್ಪೆನ್ಶನ್ನು, ಟಯರು, ಬ್ರೇಕು, ಹೀಗೆ ಒಂದೊಂದನ್ನೂ ನೋಡಿ, ನಪಾಸಾದರೆ ಕಾರಣ ಬರೆಯುತ್ತಾರೆ. ಪಾಸಾದರೂ "ಇದು ಸವೆಯುತ್ತಿದೆ, ಗಮನವಿರಲಿ" ಎಂಬ ಟಿಪ್ಪಣಿ ಸೇರಿಸುವುದುಂಟು. ವಾಹನದ ನಂಬರು ಕೊಟ್ಟರೆ ಹಿಂದಿನ ವರ್ಷಗಳ ಫಲಿತಾಂಶವನ್ನು ಯಾರು ಬೇಕಾದರೂ ನೋಡಬಹುದು. ಒಂದು ಮಾದರಿ ನಂಬಿಗಸ್ತವೋ ಅಲ್ಲವೋ ಎಂಬುದಕ್ಕೆ ಅಲ್ಲಿ ಬಾಯಿಮಾತಿನ ಹೊರತು ಲೆಕ್ಕವೂ ಇದೆ. ಸ್ವಾರಸ್ಯವೆಂದರೆ, ಅಲ್ಲಿ ದ್ವಿಚಕ್ರ ವಾಹನದ ಹೊಗೆಯನ್ನು ಆ ತಪಾಸಣೆಯಲ್ಲಿ ಅಳೆಯುವುದೇ ಇಲ್ಲ! ನಾವು ಹೊಗೆ ನೋಡಿ ಬ್ರೇಕು ಬಿಟ್ಟೆವು. ಅವರು ಬ್ರೇಕು ನೋಡಿ ಹೊಗೆ ಬಿಟ್ಟರು. 2018ರಿಂದ ನಲವತ್ತು ವರ್ಷ ಮೀರಿದ ಹೆಚ್ಚಿನ ವಾಹನಗಳಿಗೆ ಅಲ್ಲಿ ತಪಾಸಣೆಯಿಂದಲೇ ವಿನಾಯಿತಿ ಇದೆ. ಆದ್ದರಿಂದ ಅವರದ್ದೆಲ್ಲ ಆದರ್ಶವೆಂದು ನಾವು ಹೇಳುತ್ತಿಲ್ಲ. ಕಲಿಯಬೇಕಾದದ್ದು ಕಾರಣ ಬರೆದಿಡುವ ಅಭ್ಯಾಸವನ್ನು.

ನಮ್ಮಲ್ಲಿ 2021ರಲ್ಲಿ ಐವತ್ತು ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ನಿಯಮಗಳು ಬಂದವು. ಮೊದಲ ನೋಂದಣಿಗೆ 20,000 ರೂಪಾಯಿ. ಆದರೆ ದಿನನಿತ್ಯದ ಓಡಾಟಕ್ಕೆ ಅವನ್ನು ಬಳಸುವಂತಿಲ್ಲ. ಪ್ರದರ್ಶನಕ್ಕೆ ಸರಿ. ತರಕಾರಿ ತರಲು, ಮಗಳನ್ನು ಕ್ಲಾಸಿಗೆ ಬಿಡಲು ಸ್ಕೂಟರು ಇಟ್ಟುಕೊಂಡವರಿಗೆ ಅದರಿಂದ ಪ್ರಯೋಜನವಿಲ್ಲ.

ಸರಕಾರದ ಮೇಲೆ ಎಲ್ಲ ಭಾರ ಹಾಕಿ ಕೈ ತೊಳೆದುಕೊಳ್ಳುವುದೂ ನ್ಯಾಯವಲ್ಲ. ಅಸುರಕ್ಷಿತ ವಾಹನವನ್ನು ರಸ್ತೆಗೆ ತರುವುದು ಅದೇ ಕಾಯದೆಯ 190ನೆಯ ಕಲಮಿನಲ್ಲಿ ಅಪರಾಧ. ಪಾಸಿಂಗ್ ಆಗಿದೆ ಎಂಬುದು ಬ್ರೇಕಿಗೆ ಐದು ವರ್ಷದ ಖಾತರಿಯೆಂದು ಯಾರೂ ನಮಗೆ ಹೇಳಿರಲಿಲ್ಲ. ನಾವೇ ಹಾಗೆ ಓದಿಕೊಂಡೆವು.

ತೀರ್ಥರೂಪರು ಹಾಗೆ ಓದಿಕೊಂಡಿರಲಿಲ್ಲ. ಸ್ಕೂಟರಿನೊಡನೆ, ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಅವರ ಒಂದು ಸಣ್ಣ ನೋಟು ಪುಸ್ತಕವೂ ಧಾರವಾಡದಿಂದ ಬಂದಿತ್ತು. ಯಾವ ದಿನ ಪ್ಲಗ್ಗು ಬದಲಿಸಿದರು, ಯಾವ ದಿನ ಬ್ರೇಕ್ ಶೂ, ಯಾವ ದಿನ ಕ್ಲಚ್ ಕೇಬಲ್ಲು, ಎಷ್ಟು ಕಿಲೋಮೀಟರಿಗೆ ಎಂದೆಲ್ಲ ಅದರಲ್ಲಿ ಬರೆದಿದ್ದಾರೆ. ಪ್ರತಿ ವರ್ಷ ಮೇ ತಿಂಗಳಲ್ಲಿ "ಮಳಿಗಾಲದ ಮೊದಲು ನೋಡಿದ್ದು" ಎಂದು ಒಂದು ಪುಟ. ಇಷ್ಟು ವರ್ಷ ಅದನ್ನು ನೆನಪಿನ ವಸ್ತುವೆಂದು ಕಪಾಟಿನಲ್ಲಿ ಇಟ್ಟಿದ್ದೆವು. ಸ್ಕೂಟರು ತಂದೆವು, ಪುಸ್ತಕ ಮುಂದುವರಿಸಲಿಲ್ಲ.

ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಸೂಚನೆ ಮಾಡಬಯಸುತ್ತೇವೆ. ವರ್ಷಕ್ಕೊಮ್ಮೆ, ಮೇ ತಿಂಗಳ ಒಂದು ಭಾನುವಾರ, ಇಬ್ಬರು ಮಿಸ್ತ್ರಿಗಳನ್ನು ಕರೆಸಿ ಸದಸ್ಯರ ಹಳೆಯ ದ್ವಿಚಕ್ರ ವಾಹನಗಳನ್ನು ನೋಡಿಸಬೇಕು. ಪಾಸು-ನಪಾಸು ಎನ್ನದೆ ಕೇಬಲ್ಲು, ಬ್ರೇಕ್ ಶೂ, ಟಯರು, ದೀಪ, ಹಾರ್ನು, ತಗಡಿನ ತುಕ್ಕು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಬೇಕು. ಐದಾರು ವರ್ಷದ ಚೀಟಿಗಳು ಕೂಡಿದರೆ ನಮ್ಮ ಸ್ಕೂಟರುಗಳ ನಂಬಿಕೆ ಎಷ್ಟರದೆಂದು ಲೆಕ್ಕ ಸಮೇತ ಹೇಳಬಹುದು. ಖರ್ಚು ಹೆಚ್ಚಿಲ್ಲ, ಒಂದು ಉಪಾಹಾರ ಕೂಟದಷ್ಟೂ ಆಗಲಿಕ್ಕಿಲ್ಲ.

ನಮ್ಮ ಮಟ್ಟಿಗೆ ಕೆಲಸ ಶುರುವಾಗಿದೆ. ತೀರ್ಥರೂಪರ ಪುಸ್ತಕದಲ್ಲಿ ಅವರ ಅಕ್ಷರದ ಕೆಳಗೆ, ಒಂದು ಸಾಲು ಖಾಲಿ ಬಿಟ್ಟು, ಜುಲೈ 2022ರ ಹೊಸ ಬ್ರೇಕ್ ಕೇಬಲ್ಲಿನಿಂದ ಮತ್ತೆ ಬರೆಯತೊಡಗಿದ್ದೇವೆ. ಈಗ ಕಿಲೋಮೀಟರು ಓದಿ ಹೇಳುವವಳು ಮಗಳು.