ಗೋಡೆಯ ಮೇಲಿನ ಗ್ರಹಗಳು: ಒಂದು ವಿಮರ್ಶೆ

ಪುಸ್ತಕಗಳನ್ನು ವಿಮರ್ಶಿಸುತ್ತೇವೆ, ನಾಟಕಗಳನ್ನು ವಿಮರ್ಶಿಸುತ್ತೇವೆ. ಆದರೆ ಮಕ್ಕಳು ಓದುವ ಮೂಲೆಯಲ್ಲಿ ಗೋಡೆಗೆ ಅಂಟಿಸಿದ ಸೌರಮಂಡಲದ ಪಟವನ್ನು ವಿಮರ್ಶಿಸಿದವರನ್ನು ನಾವು ಕಂಡಿಲ್ಲ. ಪುಸ್ತಕವನ್ನು ಒಮ್ಮೆ ಓದಿ ಕಪಾಟಿಗೆ ಸೇರಿಸುತ್ತೇವೆ. ಪಟವಾದರೋ ವರ್ಷಗಟ್ಟಲೆ ಕಣ್ಣೆದುರಿಗೇ ಇರುತ್ತದೆ. ಆಕಾಶವೆಂದರೆ ಹೀಗೆ ಎಂಬ ಮೊದಲ ಕಲ್ಪನೆ ಮಗುವಿಗೆ ಬರುವುದು ಬಹುಮಟ್ಟಿಗೆ ಅದರಿಂದಲೇ. ಆದ್ದರಿಂದ ಅದರ ಗುಣದೋಷಗಳನ್ನು ನೋಡುವುದು ಅಗತ್ಯ. ಪ್ರಕಾಶಕರು ಯಾರೆಂಬುದು ಮುಖ್ಯವಲ್ಲ. ಈ ಜಾತಿಯ ಪಟಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ.

ಮೊದಲು ಗುಣಗಳು. ಬಣ್ಣಗಳು ಹಿತವಾಗಿರುತ್ತವೆ. ಬುಧನಿಂದ ನೆಪ್ಚೂನಿನವರೆಗಿನ ಅನುಕ್ರಮ ಸರಿಯಾಗಿರುತ್ತದೆ. 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಪ್ಲೂಟೋವನ್ನು ಕುಬ್ಜಗ್ರಹಗಳ ಸಾಲಿಗೆ ಸೇರಿಸಿದ ಮೇಲೆ, ಅದನ್ನು ಕೈಬಿಟ್ಟ ಪಟಗಳೂ ಬಂದಿವೆ.

ದೋಷವಿರುವುದು ಗಾತ್ರದಲ್ಲಿ. ಅನೇಕ ಪಟಗಳಲ್ಲಿ ಗುರುಗ್ರಹ ಭೂಮಿಯ ಎರಡು ಮೂರು ಪಟ್ಟು ಅಗಲವಿದ್ದರೆ ಹೆಚ್ಚು. ನಿಜವಾಗಿ ಅದರ ಅಗಲ ಭೂಮಿಯ ಅಗಲದ ಸುಮಾರು 11 ಪಟ್ಟು. ಚಿತ್ರಕಾರನು ಎಲ್ಲ ಗ್ರಹಗಳಿಗೂ ಸಮಾನ ಮರ್ಯಾದೆ ಕೊಡಲು ಹೋಗಿ, ನಿಸರ್ಗವು ಇಟ್ಟ ಅಂತರವನ್ನೇ ಅಳಿಸಿಹಾಕಿದ್ದಾನೆ.

ಇದನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಭೂಮಿಯನ್ನು ಒಂದು ಸೆಂಟಿಮೀಟರ್ ಅಗಲದ ಕಡಲೆಕಾಳೆಂದು ಭಾವಿಸೋಣ. ಶುಕ್ರನೂ ಅಂಥದೇ ಇನ್ನೊಂದು ಕಡಲೆ, ಒಂದು ಕೂದಲೆಳೆ ಸಣ್ಣದು. ಮಂಗಳ ಒಂದು ಕೊತ್ತಂಬರಿ ಬೀಜ. ಬುಧ ಸಣ್ಣದೊಂದು ಮೆಣಸಿನಕಾಳು. ಯುರೇನಸ್ ಮತ್ತು ನೆಪ್ಚೂನ್ ಎರಡು ನಿಂಬೆಹಣ್ಣುಗಳು. ಗುರು ಸುಲಿದ ತೆಂಗಿನಕಾಯಿ, ಶನಿ ಅದಕ್ಕಿಂತ ತುಸು ಚಿಕ್ಕ ಇನ್ನೊಂದು ಕಾಯಿ. ಸೂರ್ಯನಿಗೆ ಮಾತ್ರ ನಮ್ಮ ಅಡುಗೆಮನೆಗಳಲ್ಲಿ ಪಾತ್ರೆಯಿಲ್ಲ. ಅವನ ಅಗಲ ಒಂದು ಮೀಟರಿಗೂ ಮಿಕ್ಕಿ ಆಗುತ್ತದೆ.

ಇಲ್ಲಿ ಪಟದ ಪರವಾಗಿಯೂ ಒಂದು ಮಾತು ಹೇಳಬೇಕು. ಇದೇ ಅಳತೆಯಲ್ಲಿ ಕಡಲೆಕಾಳು ಸೂರ್ಯನಿಂದ ಸುಮಾರು 117 ಮೀಟರ್ ದೂರ ಇರಬೇಕು. ನೆಪ್ಚೂನ್ ಎಂಬ ನಿಂಬೆಹಣ್ಣು ಸುಮಾರು ಮೂರೂವರೆ ಕಿಲೋಮೀಟರ್ ದೂರ. ಮುಂಬಯಿಯ ವಾಚಕರಿಗೆ ಹೇಳುವುದಾದರೆ, ಸೂರ್ಯನನ್ನು ಮರೀನ್ ಡ್ರೈವಿನ ಒಂದು ಕೊನೆಯಲ್ಲಿಟ್ಟರೆ ನೆಪ್ಚೂನನ್ನು ಹೆಚ್ಚುಕಡಿಮೆ ಇನ್ನೊಂದು ಕೊನೆಯಲ್ಲಿ ಇಡಬೇಕಾಗುತ್ತದೆ. ಗಾತ್ರ, ದೂರ ಎರಡನ್ನೂ ಒಂದೇ ಅಳತೆಯಲ್ಲಿ ಗೋಡೆಯ ಪಟಕ್ಕೆ ಇಳಿಸುವುದು ಆಗದ ಕೆಲಸ. ಆದ್ದರಿಂದ ದೂರವನ್ನು ಕುಗ್ಗಿಸಿದ್ದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಗಾತ್ರವನ್ನು ಸರಿಯಾಗಿ ತೋರಿಸಲು ಅಡ್ಡಿಯೇನು? ಸೂರ್ಯನ ಅಂಚಿನ ಒಂದು ತುಣುಕನ್ನು ಮೂಲೆಯಲ್ಲಿ ಬರೆದು, ಗ್ರಹಗಳನ್ನು ಸರಿಯಾದ ಪ್ರಮಾಣದಲ್ಲಿ ಬರೆಯಬಹುದು. 'ಗಾತ್ರಗಳು ಪ್ರಮಾಣಬದ್ಧ, ದೂರಗಳು ಅಲ್ಲ' ಎಂದು ಕೆಳಗೆ ಒಂದು ಸಾಲು ಅಚ್ಚು ಹಾಕಿಸಲು ಹೆಚ್ಚಿನ ಖರ್ಚೇನೂ ಬರುವುದಿಲ್ಲ. ಚಿತ್ರ ಸುಳ್ಳು ಹೇಳುವುದಕ್ಕಿಂತ, ಸುಳ್ಳು ಹೇಳಿಯೂ ಸುಮ್ಮನಿರುವುದು ದೊಡ್ಡ ತಪ್ಪು.

ಪಟವನ್ನು ಬೈದು ನಾವು ಪಾರಾಗುವಂತಿಲ್ಲ. ನಮ್ಮ ಕನ್ನಡ ಬರವಣಿಗೆಯಲ್ಲೂ ಇಂಥದೇ ದೋಷವಿದೆ. ಗುರು ಭೂಮಿಗಿಂತ 11 ಪಟ್ಟು ದೊಡ್ಡದೆಂದು ಒಬ್ಬರು ಬರೆಯುತ್ತಾರೆ, 318 ಪಟ್ಟೆಂದು ಇನ್ನೊಬ್ಬರು, 1,300 ಪಟ್ಟೆಂದು ಮತ್ತೊಬ್ಬರು. ಮೂವರೂ ಸರಿಯೇ! ಮೊದಲನೆಯದು ಅಗಲ, ಎರಡನೆಯದು ದ್ರವ್ಯರಾಶಿ, ಮೂರನೆಯದು ಒಳಗೆ ಹಿಡಿಸುವ ಪ್ರಮಾಣ. ಉಂಡೆಯ ಅಗಲ ಇಮ್ಮಡಿಯಾದರೆ ಹಿಟ್ಟು ಎಂಟು ಪಟ್ಟು ಬೇಕೆಂಬುದು ಉಂಡೆ ಕಟ್ಟುವ ಕೈಗೆ ಗೊತ್ತು. ಇಲ್ಲೂ ಅದೇ ಲೆಕ್ಕ. ಗುರು ಬಹುಪಾಲು ಜಲಜನಕ ಮತ್ತು ಹೀಲಿಯಮ್ಮಿನಿಂದಾದ ಗ್ರಹವಾದ್ದರಿಂದ, ಗಾತ್ರಕ್ಕೆ ತಕ್ಕ ತೂಕ ಅದಕ್ಕಿಲ್ಲ. ಶನಿಯ ಸರಾಸರಿ ಸಾಂದ್ರತೆಯಂತೂ ನೀರಿಗಿಂತಲೂ ಕಡಿಮೆ.

ಯುರೇನಸ್ ದೊಡ್ಡದೋ ನೆಪ್ಚೂನ್ ದೊಡ್ಡದೋ ಎಂದು ಮಗು ಕೇಳಿದರೆ ಏನು ಹೇಳೋಣ? ಅಗಲದಲ್ಲಿ ಯುರೇನಸ್, ತೂಕದಲ್ಲಿ ನೆಪ್ಚೂನ್. ಗುರುವಿನ ಉಪಗ್ರಹ ಗ್ಯಾನಿಮೀಡಿನ ಅಗಲ ಸುಮಾರು 5,260 ಕಿಲೋಮೀಟರ್. ಬುಧಗ್ರಹದ್ದು ಸುಮಾರು 4,880. ಅಗಲದಲ್ಲಿ ಉಪಗ್ರಹವೇ ಗ್ರಹವನ್ನು ಮೀರಿಸಿದೆ; ತೂಕದಲ್ಲಿ ಮಾತ್ರ ಅದು ಬುಧನ ಅರ್ಧಕ್ಕೂ ಕಡಿಮೆ. 'ದೊಡ್ಡದು' ಎಂಬ ಒಂದೇ ಮಾತಿನಿಂದ ಇದನ್ನೆಲ್ಲ ತೂಗಲು ಹೋದರೆ ಗೊಂದಲವಾಗದೆ ಇನ್ನೇನಾದೀತು?

ಊರು ಬಿಟ್ಟು ಬಂದ ನಮಗೆ ಇದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಬಹಳ ಮಕ್ಕಳು ವಿಜ್ಞಾನವನ್ನು ಓದುವುದು ಇಂಗ್ಲಿಷಿನಲ್ಲಿ. ಕನ್ನಡ ಅವರಿಗೆ ಮನೆಯ ಮಾತು. ಮನೆಯಲ್ಲಿ ನಾವು ಕೊಡುವ ವಿವರಣೆ ಮಸುಕಾಗಿದ್ದರೆ, ಕನ್ನಡವಿರುವುದು ಊಟ ತಿಂಡಿಯ ಮಾತಿಗೆ ಮಾತ್ರ, ವಿಚಾರದ ಮಾತಿಗಲ್ಲ ಎಂದು ಮಗು ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನಕ್ಕೆ ಭಾಷೆ ಕಾರಣವಲ್ಲ, ನಮ್ಮ ಸೋಮಾರಿತನ ಕಾರಣ. ಅಗಲ, ಗಾತ್ರ, ತೂಕ ಎಂಬ ಮೂರು ಮಾತುಗಳು ನಮ್ಮಲ್ಲಿ ಎಂದಿನಿಂದಲೂ ಇವೆ. ಸಂತೆಯಲ್ಲಿ ಅವನ್ನು ಯಾರೂ ಒಂದಕ್ಕೊಂದು ಬೆರೆಸುವುದಿಲ್ಲ.

ಪಟವನ್ನು ಕಿತ್ತೆಸೆಯಬೇಕೆಂದು ನಾವು ಹೇಳುತ್ತಿಲ್ಲ. ಅದು ಅಲ್ಲೇ ಇರಲಿ. ಒಂದು ಭಾನುವಾರ ಅದರ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು, ಕಡಲೆಕಾಳಿನ ಪಕ್ಕದಲ್ಲಿ ತೆಂಗಿನಕಾಯಿಯನ್ನು ಇಟ್ಟು ತೋರಿಸೋಣ. ಪಟದಲ್ಲಿ ತಪ್ಪೆಲ್ಲಿದೆಯೆಂದು ಆಮೇಲೆ ಅವರೇ ಹೇಳುತ್ತಾರೆ.