ಗುಂಡು ಓಡಾಡುವ ಚಿತ್ರ

ಆಕಾಶಕ್ಕೆಂದು ಆರಿಸಿದ್ದ ನೀಲಿ ಪಾಚಿಗಟ್ಟಿದ ಕೆರೆಯ ಬಣ್ಣವಾಗಿ ಹೊರಬಂತು. ಕಂಪ್ಯೂಟರ್ ಪರದೆಯ ಮೇಲೆ ಚೆನ್ನಾಗಿಯೇ ಇತ್ತು, ಕಾಗದದ ಮೇಲೂ ಇತ್ತು. ಮೇಪಲ್ ಪ್ಲೈವುಡ್ಡಿನ ತುಂಡೊಂದರ ಮೇಲೆ ನೇರವಾಗಿ ಮುದ್ರಿಸಿ ನೋಡಿದರೆ ಹೀಗೆ. ತಪ್ಪು ಯಂತ್ರದ್ದಲ್ಲ, ನಮ್ಮದೇ. ಪ್ರಿಂಟರಿನ ಶಾಯಿ ಪಾರದರ್ಶಕ. ಅಡಿಯಲ್ಲಿ ಬಿಳಿ ಕಾಗದ ಇರುವವರೆಗೆ ನೀಲಿ ನೀಲಿಯಾಗಿಯೇ ಇರುತ್ತದೆ. ಮೇಪಲ್ ಮರ ತಿಳಿಹಳದಿ. ಹಳದಿಯ ಮೇಲೆ ನೀಲಿ ಕೂತರೆ ಹಸಿರಾಗುತ್ತದೆ ಎಂದು ಡ್ರಾಯಿಂಗ್ ಮೇಷ್ಟ್ರು ಪ್ರೈಮರಿಯಲ್ಲೇ ಹೇಳಿಕೊಟ್ಟಿದ್ದರು. ಐವತ್ತು ದಾಟಿದ ಇಬ್ಬರು ಗಂಡಸರು ಅದನ್ನು ಮರೆತು ಕೂತಿದ್ದೆವು.

ಇದು ನಡೆದದ್ದು ಶಿಕಾಗೊದ ಹೊರವಲಯದಲ್ಲಿರುವ ಗೆಳೆಯನ ನೆಲಮಾಳಿಗೆಯಲ್ಲಿ. ಗುಂಡು ಉರುಳಿಸಿ ಆಡುವ ಪಿನ್‌ಬಾಲ್ ಯಂತ್ರದ ತವರೇ ಈ ಊರು. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಮೂರೂ ಕಂಪನಿಗಳು ಬೆಳೆದದ್ದು ಇಲ್ಲೇ. ಗುಂಡನ್ನು ಹಿಂದಕ್ಕೆ ಬಡಿಯುವ ಫ್ಲಿಪ್ಪರ್‌ಗಳು ಮೊದಲು ಬಂದದ್ದೂ 1947ರಲ್ಲಿ, ಗಾಟ್ಲೀಬ್‌ನ ಹಂಪ್ಟಿ ಡಂಪ್ಟಿ ಯಂತ್ರದಲ್ಲಿ. ಗೆಳೆಯನ ಬಳಿ ಇದ್ದದ್ದು ಎಪ್ಪತ್ತರ ದಶಕದ ಒಂದು ಯಂತ್ರ. ಒಳಗಿನ ತಂತಿ, ರಿಲೇ ಎಲ್ಲ ಸರಿಯಿತ್ತು. ಆಟದ ಹಲಗೆ ಮಾತ್ರ ಕಜ್ಜಿ ಹಿಡಿದಂತಾಗಿತ್ತು. ಹೊಸ ಹಲಗೆ ಕೊರೆಸಿ, ನಮ್ಮದೇ ಚಿತ್ರ ಹಾಕೋಣ ಎಂದು ಹೊರಟೆವು. ಏನೂ ಬಳಿಯದ ಬರಿ ಹಲಗೆಗೆ ಈ ಹುಚ್ಚಿನವರು ‘ವೈಟ್‌ವುಡ್’ ಅನ್ನುತ್ತಾರೆ. ಅದು ಕೈಗೆ ಬಂದ ದಿನ ಇಬ್ಬರಿಗೂ ಸಂಭ್ರಮ. ಏನು ಬರೆಯಬೇಕು ಎಂಬುದನ್ನು ಒಂದು ಸಂಜೆಯಲ್ಲಿ ತೀರ್ಮಾನಿಸಿದೆವು. ಯಾವುದರಿಂದ ಬರೆಯಬೇಕು ಎಂಬುದಕ್ಕೆ ಏಳು ತಿಂಗಳು ಹಿಡಿಯಿತು.

ಯಾಕೆಂದರೆ ಇದು ಗೋಡೆಗೆ ತೂಗುಹಾಕುವ ಚಿತ್ರವಲ್ಲ, ರಸ್ತೆ. ಕೇರಂ ಆಡಿದವರು ಒಂದು ಲೆಕ್ಕ ಹಾಕಿ: ಸ್ಟ್ರೈಕರ್ ಹದಿನೈದು ಗ್ರಾಂ ಮೀರುವುದಿಲ್ಲ, ಬೋರಿಕ್ ಪುಡಿಯ ಮೇಲೆ ಜಾರಿಕೊಂಡು ಹೋಗುತ್ತದೆ. ಪಿನ್‌ಬಾಲಿನ ಉಕ್ಕಿನ ಗುಂಡು 80 ಗ್ರಾಂ, ಅಡ್ಡಳತೆ 27 ಮಿಲಿಮೀಟರ್. ಆರೂವರೆ ಡಿಗ್ರಿ ಇಳಿಜಾರಿನಲ್ಲಿ ಉರುಳುತ್ತದೆ, ಬಂಪರ್ ಒದ್ದರೆ ಅಡ್ಡಾದಿಡ್ಡಿ ತಿರುಗುತ್ತದೆ, ರ‍್ಯಾಂಪಿನಿಂದ ಹಾರಿ ಧೊಪ್ಪನೆ ಬೀಳುತ್ತದೆ. ಚಿತ್ರಕಾರನ ಅತಿ ಕಟುವಾದ ವಿಮರ್ಶಕ ಈ ಗುಂಡೇ. ಆದ್ದರಿಂದ ಸಾಮಗ್ರಿಯನ್ನು ಮೇಲಿನಿಂದ ಕೆಳಕ್ಕೆ ಆರಿಸುತ್ತಾ ಬರಬೇಕು. ಮೊದಲು ಗುಂಡು ತಾಗುವ ಪದರ, ಆಮೇಲೆ ಬಣ್ಣ, ಕೊನೆಗೆ ಮರ. ನಾವು ತಲೆಕೆಳಗಾಗಿ ಶುರುಮಾಡಿದ್ದೆವು.

ಮೊದಲು ಮರುಳಾದದ್ದು ಅಂಟು ಹಾಳೆಗೆ. ಚಿತ್ರವನ್ನು ವಿನೈಲ್ ಮೇಲೆ ಮುದ್ರಿಸಿ, ಮೇಲೊಂದು ಪಾರದರ್ಶಕ ಹಾಳೆ ಕೂಡಿಸಿ, ಹಲಗೆಗೆ ಅಂಟಿಸಿಬಿಡುವುದು. ಅಗ್ಗ, ಬೇಗ, ಮೊದಲ ದಿನ ಕಣ್ಣಿಗೆ ಹಬ್ಬ. ಗೆಳೆಯ ಹಳೆಯ ಹಲಗೆಯ ಮೇಲೆ ಒಂದನ್ನು ಅಂಟಿಸಿ ಆಡಿಯೂ ನೋಡಿದ. ದೀಪಗಳ ಶಾಖಕ್ಕೆ ಎರಡೇ ತಿಂಗಳಲ್ಲಿ ರಂಧ್ರಗಳ ಅಂಚು ಎದ್ದಿತು. ಗುಂಡು ಅಲ್ಲಿಗೆ ಬಂದಾಗ ಒಂದು ಕ್ಷಣ ತಡವರಿಸುತ್ತಿತ್ತು, ಚಪ್ಪಲಿಯ ಉಂಗುಷ್ಟ ಕಿತ್ತುಹೋದವನ ಹಾಗೆ. ಆಡದೆ ನೋಡಲಿಕ್ಕಷ್ಟೇ ಇಡುವ ಯಂತ್ರಕ್ಕೆ ಹಾಳೆ ಸಾಕು. ಆಡುವ ಯಂತ್ರಕ್ಕೆ ಅದು ಬೇಡ. ಈ ಮಾತಿನಲ್ಲಿ ನನಗೆ ರಾಜಿಯಿಲ್ಲ.

ಕೈಯಿಂದ ಅಕ್ರಿಲಿಕ್ ಬಳಿಯಬಹುದು. ಸಣ್ಣ ತೇಪೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಇಡೀ ಹಲಗೆಗೆ ಬಳಿದರೆ ಕುಂಚದ ಗೆರೆಗಳು ಉಬ್ಬಿ ನಿಲ್ಲುತ್ತವೆ, ಉಜ್ಜಿ ಉಜ್ಜಿ ಸಾಕಾಗುತ್ತದೆ.

ಹಳೆಯ ಕಾರ್ಖಾನೆಗಳ ದಾರಿ ಸ್ಕ್ರೀನ್ ಪ್ರಿಂಟಿಂಗ್. ಒಂದೊಂದು ಬಣ್ಣಕ್ಕೆ ಒಂದೊಂದು ಜಾಲರಿ. ಆ ಶಾಯಿ ದಪ್ಪ, ಮರದ ಹಳದಿಯನ್ನು ಮೇಲೆ ಬರಲು ಬಿಡುವುದಿಲ್ಲ. ಗಾಟ್ಲೀಬ್‌ಗೆ ಗಾರ್ಡನ್ ಮಾರಿಸನ್ ಬರೆದ ಚಿತ್ರಗಳನ್ನು ನೋಡಿ: ಚಪ್ಪಟೆ ಬಣ್ಣ, ಗಟ್ಟಿ ಗೆರೆ. ಇಂಥ ಹಲಗೆಗಳಲ್ಲಿ ಆ ಕಪ್ಪು ಗೆರೆ ಬರಿ ಶೈಲಿಯಲ್ಲ. ಕೆಂಪಿನ ಜಾಲರಿ, ಹಳದಿಯ ಜಾಲರಿ ಕೂದಲೆಳೆಯಷ್ಟು ಆಚೀಚೆ ಆದರೂ ನಡುವಿನ ಕಪ್ಪು ಗೆರೆ ಆ ತಪ್ಪನ್ನು ನುಂಗಿಕೊಳ್ಳುತ್ತದೆ. ದೀಪದ ಕಿಂಡಿಗಳ ಸುತ್ತ ಕಾಣುವ ಕಪ್ಪು ಉಂಗುರದ ಗುಟ್ಟೂ ಇದೇ. ಕಿಂಡಿ ಎಂದರೆ ಹಲಗೆಯಲ್ಲಿ ಕೂರಿಸಿದ ಅರೆಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆ, ಇವರ ಭಾಷೆಯಲ್ಲಿ ‘ಇನ್ಸರ್ಟ್’. ಅಡಿಯಲ್ಲಿ ಬಲ್ಬು ಹತ್ತಿದಾಗ ಬೆಳಗುತ್ತದೆ. ಬಿಲ್ಲೆಯ ಅಂಚು, ಬಣ್ಣದ ಅಂಚು ಎರಡೂ ಕರಾರುವಾಕ್ಕಾಗಿ ಕೂಡುವುದು ಕಷ್ಟ. ಉಂಗುರ ಮಾನ ಉಳಿಸುತ್ತದೆ.

ಆದರೆ ಒಂದೇ ಹಲಗೆಗಾಗಿ ಏಳೆಂಟು ಜಾಲರಿ ಮಾಡಿಸುವುದು ಕಾಫಿಗೆಂದು ಎಸ್ಟೇಟು ಕೊಂಡಂತೆ. ಹಾಗಾಗಿ ನಮಗೆ ಉಳಿದದ್ದು ಯುವಿ ಫ್ಲ್ಯಾಟ್‌ಬೆಡ್ ಪ್ರಿಂಟರ್. ಶಾಯಿ ಬಿದ್ದ ಕೂಡಲೇ ನೇರಳಾತೀತ ಬೆಳಕು ಅದನ್ನು ಗಟ್ಟಿಯಾಗಿಸುತ್ತದೆ. ಎರಡನೇ ಸಲ ಬುದ್ಧಿ ಬಂದಿತ್ತು: ಮೊದಲು ಬಿಳಿ ಶಾಯಿಯ ಹಾಸು, ಅದರ ಮೇಲೆ ಬಣ್ಣ. ಕಿಂಡಿಗಳ ಮೇಲೆ ಮಾತ್ರ ಬಿಳಿ ಬೀಳಬಾರದು, ಬಿದ್ದರೆ ದೀಪ ಮಂಕಾಗುತ್ತದೆ. ನಲವತ್ತಕ್ಕೂ ಹೆಚ್ಚು ಕಿಂಡಿಗಳ ಸುತ್ತ ಬಿಳಿಯ ಗಡಿಯನ್ನು ಫೈಲಿನಲ್ಲಿ ಒಂದೊಂದಾಗಿ ಎಳೆದವನು ನಾನು. ಆ ಎರಡು ವಾರ ನನ್ನ ಹೆಂಡತಿ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಆಕಾಶ ಈ ಸಲ ಆಕಾಶದಂತೆಯೇ ಬಂತು.

ಇನ್ನು ಮೇಲಿನ ಪದರ. ಹಿಂದೆ ಲ್ಯಾಕರ್ ಬಳಿಯುತ್ತಿದ್ದರು. ಗುಂಡು ಅದನ್ನು ಸವೆಸಿ ಬಣ್ಣಕ್ಕೆ, ಬಣ್ಣ ಸವೆಸಿ ಮರಕ್ಕೆ ಇಳಿಯುತ್ತಿತ್ತು. ಬಂಪರ್‌ಗಳ ಸುತ್ತ ಮೈಲಾರ್ ಹಾಳೆ ಅಂಟಿಸಿದರು. ಅದು ಕಾಪಾಡಿತು ನಿಜ, ವರ್ಷಗಳ ಮೇಲೆ ಕೀಳಲು ಹೋದರೆ ಬಣ್ಣವನ್ನೂ ಕಿತ್ತುಕೊಂಡೇ ಬಂತು. 1990ರ ಹೊತ್ತಿಗೆ ವಿಲಿಯಮ್ಸ್ ‘ಡೈಮಂಡ್ ಪ್ಲೇಟ್’ ಎಂಬ ಹೆಸರಿನಲ್ಲಿ ಗಟ್ಟಿ ಪಾರದರ್ಶಕ ಲೇಪ ತಂದಿತು. 1992ರಲ್ಲಿ ಬಂದ ದಿ ಆಡಮ್ಸ್ ಫ್ಯಾಮಿಲಿ 20,270 ಯಂತ್ರಗಳಷ್ಟು ಮಾರಾಟವಾಯಿತು. ಸಾವಿರಾರು ಜನ ಬಡಿದಾಡಿದ ಅಂಥ ಎಷ್ಟೋ ಯಂತ್ರಗಳಲ್ಲಿ ಜಾನ್ ಯೂಸಿ ಬರೆದ ಚಿತ್ರ ಇನ್ನೂ ಮಿನುಗುತ್ತಿದ್ದರೆ ಆ ಲೇಪದ ಪಾಲು ದೊಡ್ಡದು.

ಮನೆಯಲ್ಲಿ ಮಾಡುವವರಿಗೆ ಇದರ ಸಮೀಪದ ನೆಂಟ ಕಾರಿಗೆ ಹೊಡೆಯುವ ಎರಡು ಭಾಗದ ಯುರೆಥೇನ್ ಕ್ಲಿಯರ್. ಎಪಾಕ್ಸಿ ಬೇಡ, ಬಿಸಿಲಿಗೆ ಹಳದಿಯಾಗುತ್ತದೆ. ನೀರಿನ ಪಾಲಿಯುರೆಥೇನ್ ವಾಸನೆಯಿಲ್ಲದ ಸಾಧು, ಆದರೆ ಮೆತ್ತಗೆ. ಯುರೆಥೇನಿನ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ವಿಷ. ಕರ್ಚೀಫ್ ಕಟ್ಟಿಕೊಂಡು ಗ್ಯಾರೇಜಿನಲ್ಲಿ ಹೊಡೆಯುವ ಶೂರರನ್ನು ಕಂಡಿದ್ದೇನೆ. ದಯವಿಟ್ಟು ಅವರ ಸಾಲಿಗೆ ಸೇರಬೇಡಿ. ನಾವು ಕಾರಿನ ಪೇಂಟಿಂಗ್ ಅಂಗಡಿಯವನಿಗೆ ಕೊಟ್ಟೆವು. ಆತ ಹಲಗೆ ನೋಡಿ ನಕ್ಕ, ಒಪ್ಪಿಕೊಂಡ. ಮೊದಲ ಕೋಟು ಮಂಜಿನಷ್ಟು ತೆಳ್ಳಗೆ, ಇಲ್ಲದಿದ್ದರೆ ದ್ರಾವಕ ಕೆಳಗಿನ ಶಾಯಿಯನ್ನು ಕಚ್ಚುತ್ತದೆ. ಆಮೇಲೆ ದಪ್ಪ, ನಡುವೆ ಒದ್ದೆ ಉಜ್ಜುಕಾಗದದಿಂದ ತಿಕ್ಕು, ಮತ್ತೆ ಕೋಟು.

ಲೇಪ ಮುಟ್ಟಲು ಒಣಗಿದರೆ ಒಳಗೂ ಗಟ್ಟಿಯಾಯಿತು ಎಂದಲ್ಲ. ಆತುರಪಟ್ಟು ಹಲಗೆಯ ಮೇಲೆ ನಿಲ್ಲಿಸುವ ಗೂಟ, ಅಂದರೆ ಪೋಸ್ಟ್, ಬಿಗಿಸಿದರೆ ಅದರ ಬುಡದಲ್ಲಿ ಲೇಪ ಹಪ್ಪಳದಂತೆ ಮುದುಡಿಕೊಳ್ಳುತ್ತದೆ. ದೊಡ್ಡ ಬೆಲೆಯ ಹೊಚ್ಚಹೊಸ ಯಂತ್ರಗಳಲ್ಲೂ ಈ ಗತಿ ಕಂಡಿದ್ದೇನೆ. ನಮ್ಮ ಹಲಗೆ ಈಗ ನೆಲಮಾಳಿಗೆಯಲ್ಲಿ ಗೋಡೆಗೆ ಒರಗಿ ನಿಂತಿದೆ. ಸ್ಕ್ರೂ ಬಿಗಿಸಲು ಇನ್ನೂ ಹದಿನೆಂಟು ದಿನ ಇದೆ.